ಎದ್ದರೆ ಜಾರುತ್ತದೆ

ಮಾರ್ಚ್ ೩, ಸೋಮವಾರ

ತಕ್ಕಡಿ ಕಾರ್ಖಾನೆಯಲ್ಲಿದ್ದಾಗ ಪ್ರತಿ ಸಂಜೆ ಮೇಲಧಿಕಾರಿಗೆ ವರದಿ ಬರೆದುಕೊಡುತ್ತಿದ್ದೆ. ಇಂದು ಯಾವ ತಕ್ಕಡಿ ಪರೀಕ್ಷಿಸಿದೆ, ಯಾವುದಕ್ಕೆ ಸೀಲು ಒತ್ತಿದೆ, ಯಾವುದನ್ನು ತಿರಸ್ಕರಿಸಿದೆ, ಏಕೆ. ಕಾರ್ಖಾನೆ ಮುಚ್ಚಿತು. ಮೇಲಧಿಕಾರಿ ಈಗ ಎಲ್ಲಿದ್ದಾರೋ ಗೊತ್ತಿಲ್ಲ. ಆದರೂ ಸಂಜೆಯಾದರೆ ಕೈ ತುರಿಸುತ್ತದೆ. ಆದ್ದರಿಂದ ಇನ್ನು ಮುಂದೆ ವರದಿಯನ್ನು ನನಗೇ ಬರೆದುಕೊಳ್ಳುವುದೆಂದು ತೀರ್ಮಾನಿಸಿದ್ದೇನೆ.

ಇಂದಿನ ಸಂಗತಿಗಳು. ಹೆಂಡತಿ ಬಟ್ಟೆ ಅಂಗಡಿಯ ಕೆಲಸಕ್ಕೆ ಹೊರಡುವಾಗ, "ರೀ, ಹಾಲು ಒಲೆ ಮೇಲಿದೆ, ಸ್ವಲ್ಪ ನೋಡ್ಕೊಳ್ಳಿ" ಎಂದಳು. ನೋಡಿಕೊಂಡೆ. ಹಾಲು ಪಾತ್ರೆಯ ಅಂಚಿಗೆ ಬಂದದ್ದನ್ನೂ ನೋಡಿದೆ, ಅಂಚು ದಾಟಿದ್ದನ್ನೂ ನೋಡಿದೆ. ಒಲೆ ಆರಿಸಬೇಕೆಂದು ಅವಳು ಹೇಳಿರಲಿಲ್ಲ.

ಮಧ್ಯಾಹ್ನ ಮೊಟ್ಟೆ ಬೇಯಿಸಿಕೊಂಡೆ. ಉಪ್ಪಿನ ಡಬ್ಬಿ ಸಿಗಲಿಲ್ಲ. ಅತ್ತೆ ನಮ್ಮ ಮನೆಯಲ್ಲೇ ಇರುತ್ತಾರೆ. ಹೆಚ್ಚಾಗಿ ಕಿಟಕಿ ಪಕ್ಕದ ಕುರ್ಚಿಯಲ್ಲಿ. ಅವರನ್ನು ಕೇಳಿದೆ. ತಲೆ ತಿರುಗಿಸದೆ, "ಎಲ್ಲಿರಬೇಕೋ ಅಲ್ಲೇ ಇದೆ ಅಳಿಯಂದ್ರೇ" ಎಂದರು.

ಉಪ್ಪಿಲ್ಲದೆ ತಿಂದೆ.

ಮಾರ್ಚ್ ೫, ಬುಧವಾರ

ಭಾವಮೈದ ಬಂದಿದ್ದ. ಹೆಂಡತಿಯ ತಮ್ಮ, ಹಾಸಿಗೆ ದಿಂಬಿನ ಅಂಗಡಿ ಇಟ್ಟಿದ್ದಾನೆ. ಮೇ ತಿಂಗಳಲ್ಲಿ ದೊಡ್ಡ ರಸ್ತೆಯಲ್ಲಿ ಎರಡನೆಯ ಅಂಗಡಿ ತೆರೆಯುತ್ತಾನಂತೆ.

"ಭಾವ, ನಿಮಗೊಂದು ಕೆಲಸ ಇಟ್ಟಿದೀನಿ. ಗೌರವದ ಕೆಲಸ. ಗಿರಾಕಿ ಬಂದ್ರೆ ಮೊದಲು ನೋಡೋದೇ ನಿಮ್ಮನ್ನ."

ಏನು ಕೆಲಸ ಎಂದೆ.

"ದಿಂಬು."

"ದಿಂಬು ಮಾರೋದಾ?"

"ಅಲ್ಲ ಭಾವ, ದಿಂಬು ಆಗೋದು. ವೇಷ ಹೊಲಿಸಿದೀನಿ. ಒಳಗೆಲ್ಲ ಒಳ್ಳೇ ಹತ್ತಿ. ಕಣ್ಣಿಗೆ ಎರಡು ತೂತು ಬಿಟ್ಟಿದಾರೆ. ಅಂಗಡಿ ಮುಂದೆ ನಿಂತು ಕೈ ಬೀಸಿದ್ರೆ ಆಯ್ತು. ಮಾತೂ ಆಡ್ಬೇಕಾಗಿಲ್ಲ."

ಇಪ್ಪತ್ತೆರಡು ವರ್ಷ ಈ ಊರಿನ ಅಂಗಡಿಗಳ ತೂಕ ನನ್ನ ಸೀಲನ್ನು ನಂಬಿ ನಡೆದಿದೆ ಎಂದು ಅವನಿಗೆ ನೆನಪಿಸಿದೆ. ಅದಕ್ಕೇ ನಿಮ್ಮನ್ನು ಕೇಳಿದ್ದು, ದಿಂಬಿಗೂ ಒಂದು ತೂಕ ಬರುತ್ತದೆ ಎಂದ.

ಅವನು ಹೋದ ಮೇಲೆ ಹೆಂಡತಿಯ ಕಡೆ ನೋಡಿದೆ. ಅವಳು ನಗುತ್ತಿರಲಿಲ್ಲ.

"ಅವನ ಅಂಗಡಿ ಶುರುವಾಗೋದ್ರೊಳಗೆ ನೀವೇ ಏನಾದ್ರೂ ಹುಡುಕ್ಕೊಂಡ್ರೆ ಸರಿ. ಇಲ್ಲಾಂದ್ರೆ ದಿಂಬು. ನಾನೊಬ್ಳೇ ನಿಂತು ನಿಂತು ಹೀಗಾಗಿದೆ ನೋಡಿ" ಎಂದು ಹಿಮ್ಮಡಿ ತೋರಿಸಿದಳು.

ಒಣಗಿದ ಕೆರೆಯಂಗಳದಂತೆ ಬಿರುಕು ಬಿಟ್ಟಿತ್ತು. ಒಂದು ಬಿರುಕಿನಲ್ಲಿ ಬಸ್ ಟಿಕೆಟು ನಿಲ್ಲುತ್ತದೆ. ನಿಲ್ಲಿಸಿ ನೋಡಿದೆ. ಅವಳು ಕಾಲು ಎಳೆದುಕೊಂಡಳು.

ಮಾರ್ಚ್ ೯, ಭಾನುವಾರ

ಅತ್ತೆ ಕುರ್ಚಿಯಿಂದ ಎದ್ದರು. ಇದನ್ನು ಮೊದಲು ದಾಖಲಿಸುತ್ತಿದ್ದೇನೆ, ಏಕೆಂದರೆ ಊಟ ನಿದ್ದೆ ಬಿಟ್ಟು ಬೇರೆ ಕಾರಣಕ್ಕೆ ಅವರು ಎದ್ದದ್ದನ್ನು ನಾನು ನೋಡಿಲ್ಲ.

ಮಗಳ ಹಿಮ್ಮಡಿ ನೋಡಿ ಮುಖ ಸಿಂಡರಿಸಿಕೊಂಡು ಸೀದಾ ಅಡುಗೆಮನೆಗೆ ಹೋದರು. ಎಳ್ಳೆಣ್ಣೆ, ಜೇನುಮೇಣದ ಗಟ್ಟಿ, ಕುಂಡದಲ್ಲಿದ್ದ ಚೆಂಡುಹೂವಿನ ಎಸಳು. ಎಣ್ಣೆಯಲ್ಲಿ ಎಸಳು ಕಾಯಿಸಿ, ಸೋಸಿ, ಮೇಣ ಕರಗಿಸಿ, ಬಟ್ಟಲಿಗೆ ಸುರಿದರು. ಆರಿದ ಮೇಲೆ ಅದು ಹಳದಿ ಬಣ್ಣದ, ಮುಟ್ಟಿದರೆ ನಡುಗುವ ಮುದ್ದೆಯಾಯಿತು. ವಾಸನೆ: ಬಹಳ ಕಾಲ ತೆರೆಯದ ಕಪಾಟು. ಜಿಡ್ಡು: ಸೈಕಲ್ ಸರಪಳಿಗೂ ಸಾಲುವಷ್ಟು.

"ನಮ್ಮಮ್ಮನ ಮುಲಾಮು ಇದು. ಹಚ್ಕೊಂಡು ಕಾಲು ಸ್ಟೂಲ್ ಮೇಲಿಟ್ಟು ಕೂತ್ಕೋ. ಒಂದು ಗಂಟೆ ನೆಲಕ್ಕೆ ಕಾಲು ತಾಗಿಸ್ಬೇಡ."

"ಇಷ್ಟು ದಿನ ಯಾಕಮ್ಮ ಮಾಡ್ಲಿಲ್ಲ?"

"ನೀನು ಕಾಲು ಎಲ್ಲಿ ತೋರಿಸ್ದೆ? ಬೆನ್ನು ತೋರಿಸ್ಕೊಂಡು ಓಡಾಡ್ತಿದ್ದೆ."

ಹೆಂಡತಿ ಹಚ್ಚಿಕೊಂಡು ಕುಳಿತಳು. ಎರಡು ನಿಮಿಷವಾಗಿರಲಿಲ್ಲ, ನೀರು ತರಲೆಂದು ಎದ್ದು ನಾಲ್ಕು ಹೆಜ್ಜೆ ಇಟ್ಟಳು. ಐದನೆಯ ಹೆಜ್ಜೆಗೆ ಗೋಡೆ ಹಿಡಿದುಕೊಂಡಳು. ಅವಳು ಹೆಜ್ಜೆ ಇಟ್ಟಲ್ಲಿ ನಾನು ಕಾಲಿಟ್ಟು ನೇರವಾಗಿ ಬಾಗಿಲಿನ ಹೊರಗೆ ಹೋಗಿ ಕುಳಿತೆ. ಆ ಮೇಲೆ ಅವಳು ಏಳಲಿಲ್ಲ.

ಹೀಗಾಗಿ ಚಹಾ ನಾನೇ ಮಾಡಬೇಕಾಯಿತು. ಇಬ್ಬರೂ ಕೂತಲ್ಲಿಂದಲೇ ಹೇಳಿಕೊಟ್ಟರು.

"ನೀರು ಮೊದ್ಲು ರೀ."

"ಪುಡಿ ಆಮೇಲೆ ಅಳಿಯಂದ್ರೇ."

ಸಕ್ಕರೆ ಹಾಕಿದೆ. ಕುಡಿದರು. ಇಬ್ಬರ ಮುಖವೂ ಒಂದೇ ಥರ ಆಯಿತು. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಈಗ ನನಗೆ ಗೊತ್ತು.

ಮಾರ್ಚ್ ೧೯, ಬುಧವಾರ

ಬಸ್ ಟಿಕೆಟು ನಿಲ್ಲುತ್ತಿಲ್ಲ.

ದಿನವೂ ಸಂಜೆ ಹೆಂಡತಿ ಕೆಲಸದಿಂದ ಬಂದ ಕೂಡಲೇ ಮುಲಾಮು ಹಚ್ಚಿಕೊಂಡು ಕೂತಿದ್ದಾಳೆ. ಆ ಹೊತ್ತಿನಲ್ಲಿ ಅಡುಗೆಗೆ ಒಬ್ಬರು ಬೇಕಾದ್ದರಿಂದ ತಾತ್ಕಾಲಿಕವಾಗಿ ನಾನು ನೋಡಿಕೊಳ್ಳುತ್ತಿದ್ದೇನೆ. ಬಿರುಕುಗಳೆಲ್ಲ ಕೂಡಿಕೊಂಡಿವೆ. ಚರ್ಮ ಮೆತ್ತಗಾಗಿದೆ. ಬಟ್ಟೆ ಅಂಗಡಿಯ ಸಂಬಳಕ್ಕೆ ಸಿಗದ ಸುಖ ಅಮ್ಮನ ಬಟ್ಟಲಲ್ಲಿದೆ ಎಂದಳು.

ಸಂಗತಿ ಸ್ಪಷ್ಟವಾಗಿದೆ. ನಿಂತು ದುಡಿಯುವವರು ಊರ ತುಂಬ ಇದ್ದಾರೆ. ಎಲ್ಲರಿಗೂ ಎರಡೆರಡು ಹಿಮ್ಮಡಿ. ದಿಂಬಾಗುವ ಪ್ರಮೇಯವೇ ಇಲ್ಲ.

ಅತ್ತೆಗೆ ಹೇಳಿದೆ, ಇದನ್ನು ಡಬ್ಬಿಗೆ ಹಾಕಿ ಮಾರೋಣ.

"ಮಾರಿ. ನಾನು ಕುರ್ಚೀಲಿ ಕೂತು ಹೇಳ್ಕೊಡ್ತೀನಿ. ಡಬ್ಬಿ ಮೇಲೆ ನಮ್ಮಮ್ಮನ ಚಿತ್ರ ಇರ್ಬೇಕು."

ಚಿತ್ರ ಇದೆಯೇ ಎಂದೆ. ಇಲ್ಲ, ನನ್ನನ್ನೇ ನೋಡಿ ಬರೆಸಿ, ಮೂಗು ಮಾತ್ರ ಸ್ವಲ್ಪ ಚಿಕ್ಕದು ಮಾಡಿ ಎಂದರು.

ಮಾರ್ಚ್ ೨೩, ಭಾನುವಾರ

ಅಳತೆಯ ಕೆಲಸ ಇಡೀ ದಿನ ಹಿಡಿಯಿತು. ಅತ್ತೆಯ ಪ್ರಕಾರ ಹೂವು "ಒಂದು ಕೈ", ಮೇಣ "ಒಂದು ತುಂಡು", ಎಣ್ಣೆ "ಸಾಕು ಅನ್ಸೋ ತನಕ". ಅವರ ಕೈಯಲ್ಲಿದ್ದ ಹೂವನ್ನು ತಕ್ಕಡಿಯಲ್ಲಿಟ್ಟು ತೂಗಿದೆ. ಮತ್ತೆ ಒಂದು ಕೈ ತೆಗೆಯಿರಿ ಎಂದೆ. ಅದು ಮೊದಲಿನದರ ಎರಡರಷ್ಟಿತ್ತು.

"ಇದ್ಯಾಕೆ ಜಾಸ್ತಿ?"

"ಈಗ ನೀವು ನೋಡ್ತಿದೀರಲ್ಲ, ಕೈ ಧಾರಾಳ ಆಯ್ತು."

ಕೊನೆಗೆ ಎರಡರ ಸರಾಸರಿ ತೆಗೆದೆ. ಒಂದು ಪಾತ್ರೆ ಮುಲಾಮಾಯಿತು. ಪರೀಕ್ಷೆಗೆಂದು ಇಬ್ಬರಿಗೆ ಕೊಟ್ಟೆ. ಒಬ್ಬರು ಮೇಲಿನ ಮನೆಯ ಟೀಚರ್, ದಿನವಿಡೀ ಕರಿಹಲಗೆಯ ಮುಂದೆ ನಿಲ್ಲುವವರು. ಇನ್ನೊಬ್ಬರು ಬೀದಿ ಮೂಲೆಯ ಹೇರ್ ಕಟಿಂಗ್ ಅಂಗಡಿಯವರು. ಅತ್ತೆ ಹೇಳಿದ ವಿಧಾನವನ್ನು ಇಬ್ಬರಿಗೂ ಬಾಯಿಮಾತಿನಲ್ಲಿ ಹೇಳಿದೆ.

ಮಾರ್ಚ್ ೩೧, ಸೋಮವಾರ

ಇಬ್ಬರಿಗೂ ಗುಣವಾಗಿದೆ. ಕಟಿಂಗ್ ಅಂಗಡಿಯವರು ಮುಲಾಮು ಹಚ್ಚಿಕೊಂಡು ಗಿರಾಕಿಗಳ ಕುರ್ಚಿಯಲ್ಲೇ ಕಾಲು ಚಾಚಿ ಕೂರುತ್ತಿದ್ದರಂತೆ. ಒಬ್ಬ ಗಿರಾಕಿ ಕಾದು ಕಾದು ತಾನೇ ಕನ್ನಡಿ ನೋಡಿ ಗಡ್ಡ ಕೆರೆದುಕೊಂಡು ಹೋದನಂತೆ.

ಒಂದು ದೂರು ಬಂದಿದೆ. ಟೀಚರ ಗಂಡ, ದೊಡ್ಡ ಮೀಸೆ ಇರುವುದರಿಂದ ಬೀದಿಯವರೆಲ್ಲ ಮೀಸೆ ಎಂದೇ ಕರೆಯುತ್ತಾರೆ, ಮೆಟ್ಟಿಲಿಳಿದು ಬಂದು ಹೇಳಿದರು:

"ಮುಲಾಮು ಏನೋ ಸರಿ ಸ್ವಾಮಿ, ಆದ್ರೆ ಆ ಜಿಡ್ಡು! ನಿನ್ನೆ ನಾನು ಸ್ನಾನದ ಮನೆಯಿಂದ ಬಂದವನು ಮಂಚದ ಕೆಳಗೆ ಹೋಗಿ ನಿಂತೆ."

"ನಿಂತ್ರಾ?"

"ಮಲಗ್ದೆ. ಏನೋ ಒಂದು."

ದೂರು ನ್ಯಾಯವಾದದ್ದು. ನಾನೂ ಜಾರಿ ಬಿದ್ದವನೇ. ಮಾರುವ ಪದಾರ್ಥದಲ್ಲಿ ಇಂಥ ದೋಷ ಉಳಿಸಬಾರದು. ತಿದ್ದುಪಡಿ ಮಾಡುತ್ತೇನೆ.

ಏಪ್ರಿಲ್ ೪, ಶುಕ್ರವಾರ

ಬೆಳಗ್ಗೆ ಬಟ್ಟೆ ಒಗೆದು ಹರವಿ, ಮಧ್ಯಾಹ್ನದ ಅಡುಗೆ ಮುಗಿಸಿ, ಕೂಡಲೇ ಪ್ರಯೋಗಕ್ಕೆ ಕೂತೆ. ಎಣ್ಣೆ ಕಡಿಮೆ ಮಾಡಿದೆ, ಜೋಳದ ಹಿಟ್ಟು ಸೇರಿಸಿದೆ. ಮೂರನೆಯ ಸಲಕ್ಕೆ ಸರಿಬಂತು. ಹಚ್ಚಿದ ಕೂಡಲೇ ಚರ್ಮದೊಳಗೆ ಇಂಗುತ್ತದೆ. ಜಿಡ್ಡಿಲ್ಲ, ವಾಸನೆಯೂ ಕಡಿಮೆ. ನೆಲದ ಮೇಲೆ ಓಡಿ ನೋಡಿದೆ. ಹಾರಿಯೂ ನೋಡಿದೆ.

"ಜಿಡ್ಡಿಲ್ದೇ ಇದ್ರೆ ಅದು ಮುಲಾಮಾ? ಗೋಡೆಗೆ ಬಳಿಯೋ ಸುಣ್ಣ" ಎಂದರು ಅತ್ತೆ.

ಹಳಬರಿಗೆ ಸುಧಾರಣೆ ಹಿಡಿಸುವುದಿಲ್ಲ.

ಏಪ್ರಿಲ್ ೭, ಸೋಮವಾರ

ದೊಡ್ಡ ರಸ್ತೆಯ ಔಷಧಿ ಅಂಗಡಿಗೆ ಡಬ್ಬಿಗಳನ್ನು ಒಯ್ದೆ. ಅಂಗಡಿಯವರು ಒಂದನ್ನು ತೆರೆದು ಮೂಸಿ, ಹಚ್ಚಿ, ಬೆರಳು ಉಜ್ಜಿ ನೋಡಿದರು. ಬಿಲ್ಲು ಹಾಕುವ ಜಾಗದಲ್ಲಿ ಅವರ ಹೆಂಡತಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದರು.

"ಔಷಧಿ ಅಂತ ಬರೀಬೇಡಿ, ಕಾಲಿಗೆ ಹಚ್ಚೋ ಮುಲಾಮು ಅಂತ ಬರೀರಿ. ಇಟ್ಕೊತೀನಿ. ಆದ್ರೆ ಒಂದು ಮಾತು. ನನ್ನ ಅಂಗಡಿಯಿಂದ ಹೋದ ಮಾಲು ವಾಪಸ್ ಬರ್ಬಾರ್ದು. ಬಂತು ಅಂದ್ರೆ ನೀವೂ ವಾಪಸ್."

ಡಬ್ಬಿಯ ಮೇಲಿನ ಚಿತ್ರ ನೋಡಿ ಇವರು ಯಾರು ಎಂದು ಕೇಳಿದರು. ಅತ್ತೆಯ ತಾಯಿ ಎಂದೆ.

"ಮೂಗು ಚಿಕ್ಕದಾಗಿ ಚೆನ್ನಾಗಿದೆ."

ಏಪ್ರಿಲ್ ೧೧, ಶುಕ್ರವಾರ

ಎಲ್ಲ ಡಬ್ಬಿ ಖರ್ಚಾಗಿದೆ! ಮೀಸೆ ರಸ್ತೆಯಲ್ಲೇ ಕೈ ಕುಲುಕಿದರು. "ಅದ್ಭುತ ಸ್ವಾಮಿ. ಹೀಗಿರ್ಬೇಕು ಮುಲಾಮು ಅಂದ್ರೆ." ಅವರ ಜೊತೆಗಿದ್ದ ಇನ್ನಿಬ್ಬರು ಗಂಡಸರೂ ತಲೆಯಾಡಿಸಿದರು. ಭಾವಮೈದನಿಗೆ ಫೋನ್ ಮಾಡಿ ಬೇರೆ ದಿಂಬು ನೋಡಿಕೋ ಎಂದೆ.

ಏಪ್ರಿಲ್ ೧೪, ಸೋಮವಾರ

ವಾಪಸು ಬರುತ್ತಿದೆ.

ಔಷಧಿ ಅಂಗಡಿಯವರು ಮೇಜಿನ ಮೇಲೆ ತೆರೆದ ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದರು. ಯಾರಿಗೂ ಗುಣವಾಗಿಲ್ಲ. ಟೀಚರ್ ಹೊಸದಕ್ಕೆ ಬದಲಾಯಿಸಿದ ಮೇಲೆ ಮುಚ್ಚಿದ್ದ ಬಿರುಕು ಮತ್ತೆ ಬಾಯಿ ಬಿಟ್ಟಿದೆ. ಹೆಂಡತಿಯದೂ ಹಾಗೇ.

"ತಿಂಗಳ ಕೊನೆಯೊಳಗೆ ಸರಿಯಾದ ಮಾಲು ತಂದ್ರೆ ನೋಡೋಣ. ಇಲ್ಲಾಂದ್ರೆ ಕ್ಷಮಿಸಿ" ಎಂದರು.

ಒಂದು ವಿಚಿತ್ರ ಗಮನಿಸಿದ್ದೇನೆ. ವಾಪಸು ತಂದವರೆಲ್ಲ ಹೆಂಗಸರು, ಕಟಿಂಗ್ ಅಂಗಡಿಯವರೊಬ್ಬರನ್ನು ಬಿಟ್ಟು. ಹೊಗಳಿದವರೆಲ್ಲ ಆ ಹೆಂಗಸರ ಗಂಡಂದಿರು, ಮತ್ತು ಕಟಿಂಗ್ ಅಂಗಡಿಯ ಗಿರಾಕಿಗಳು. ಒಂದೇ ಮುಲಾಮಿಗೆ ಎರಡು ತೂಕ ಹೇಗೆ ಬರುತ್ತದೆ?

ಏಪ್ರಿಲ್ ೧೫, ಮಂಗಳವಾರ

ಹಳೆಯ ಮುಲಾಮಿನಲ್ಲಿ ಯಾವುದೋ ಗುಣವಿತ್ತು, ನನ್ನ ತಿದ್ದುಪಡಿಯಲ್ಲಿ ಅದು ಕಳೆದುಹೋಗಿದೆ. ಆ ಗುಣ ಎಷ್ಟು ಎಂದು ಮೊದಲು ಅಳೆಯಬೇಕು. ಹೆಂಡತಿ, ಟೀಚರ್, ಕಟಿಂಗ್ ಅಂಗಡಿಯವರು, ಮೂವರಿಗೂ ಹಳೆಯ ಜಿಡ್ಡಿನ ಮುಲಾಮನ್ನೇ ಕೊಟ್ಟಿದ್ದೇನೆ. ನಿಯಮ: ಬಲಗಾಲಿಗೆ ಮಾತ್ರ ಹಚ್ಚಬೇಕು. ಎಡಗಾಲಿಗೆ ಏನೂ ಇಲ್ಲ. ಉಳಿದದ್ದೆಲ್ಲ ಅತ್ತೆ ಹೇಳಿದಂತೆ. ಎರಡು ಕಾಲಿನ ವ್ಯತ್ಯಾಸವೇ ಮುಲಾಮಿನ ಗುಣ.

ಅತ್ತೆಗೆ ಇದು ಸರಿಬರಲಿಲ್ಲ. "ಒಂದು ಕಾಲಿಗೆ ಹಚ್ಚಿ ಇನ್ನೊಂದನ್ನ ಬಿಟ್ರೆ ಅದಕ್ಕೆ ಬೇಜಾರಾಗಲ್ವಾ?"

"ಕಾಲಿಗೆ ಬೇಜಾರಾಗೋದಿಲ್ಲ ಅತ್ತೆ."

"ನಿಮ್ಮ ಕಾಲಿಗೆ ಆಗಲ್ವೇನೋ."

ಏಪ್ರಿಲ್ ೨೦, ಭಾನುವಾರ

ಪ್ರಯೋಗ ನಡೆದಿದೆ. ಹೆಂಡತಿ ಸಂಜೆ ಸ್ಟೂಲಿನ ಮೇಲೆ ಕಾಲಿಟ್ಟು ಕೂತು ವಾರಪತ್ರಿಕೆ ಓದುತ್ತಾಳೆ. ಪ್ರಯೋಗಕ್ಕೆ ಅಡ್ಡಿಯಾಗಬಾರದೆಂದು ಪಾತ್ರೆ, ಕಸ, ಸಂತೆ ನಾನೇ ಮುಗಿಸಿದೆ. ತರಕಾರಿಯವಳು ಮೆತ್ತಗಾದ ಬದನೆ ಹಾಕಲು ನೋಡಿದಳು. ನನ್ನ ಹತ್ತಿರ ನಡೆಯುತ್ತದೆಯೇ?

ಏಪ್ರಿಲ್ ೨೫, ಶುಕ್ರವಾರ

ಫಲಿತಾಂಶ ಬಂದಿದೆ.

ಮೂವರಿಗೂ ಬಲಗಾಲು ಪೂರ್ತಿ ಗುಣವಾಗಿದೆ. ಮೂವರಿಗೂ ಎಡಗಾಲೂ ಪೂರ್ತಿ ಗುಣವಾಗಿದೆ. ವ್ಯತ್ಯಾಸ ಇಲ್ಲ. ಬಸ್ ಟಿಕೆಟು ಯಾವ ಕಾಲಿನಲ್ಲೂ ನಿಲ್ಲುವುದಿಲ್ಲ.

ಅಂದರೆ ಹಚ್ಚಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಮುಲಾಮಿಗೆ ಯಾವ ಗುಣವೂ ಇಲ್ಲ. ತಿರಸ್ಕೃತ.

ಮನೆಯಲ್ಲಿ ಹೇಳಿದೆ. ಅತ್ತೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡರು. "ನಮ್ಮಮ್ಮ ಊರಿಗೆಲ್ಲ ಹಚ್ಚಿ ಗುಣ ಮಾಡಿದ್ಲು. ಇವರು ಬಸ್ ಟಿಕೆಟ್ ಹಿಡ್ಕೊಂಡು ಬಂದ್ರು" ಎಂದು ಗೋಡೆಗೆ ಹೇಳಿದರು.

"ರೀ, ಎಲ್ರಿಗೂ ಗುಣ ಆಗಿದೆ ತಾನೆ? ಹಳೇದನ್ನೇ ಮಾರಿ. ಯಾಕೆ ಆಯ್ತು ಅಂತ ಯಾರು ಕೇಳ್ತಾರೆ?" ಎಂದಳು ಹೆಂಡತಿ.

"ನಾನು ಕೇಳ್ತೀನಿ."

ಕೆಲಸ ಮಾಡದ ತಕ್ಕಡಿಗೆ ನಾನು ಒಂದು ದಿನವೂ ಸೀಲು ಒತ್ತಿಲ್ಲ. ಈಗ ಅತ್ತೆಯ ತಾಯಿಯ ಮುಖ ಹಾಕಿ ಒತ್ತಲೇ? ಹೆಂಡತಿ ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಇವತ್ತಿನ ಪಲ್ಯಕ್ಕೆ ಉಪ್ಪು ಸರಿಯಾಗಿದೆ ಎಂದಳು.

ಭಾವಮೈದನಿಗೆ ಫೋನ್ ಮಾಡಿದೆ. ದಿಂಬು ಇನ್ನೂ ಖಾಲಿ ಇದೆಯಂತೆ.

ಏಪ್ರಿಲ್ ೨೭, ಭಾನುವಾರ

ಇಂದು ದಿಂಬಾದೆ. ವಿವರವಾಗಿ ಬರೆಯುತ್ತೇನೆ.

ಹೊಸ ಅಂಗಡಿ ಇನ್ನೂ ತೆರೆದಿಲ್ಲ; ಹಳೆಯ ಅಂಗಡಿಯ ಮುಂದೆ ಒಂದು ದಿನ ಅಭ್ಯಾಸಕ್ಕೆ ನಿಲ್ಲಿಸಿದ. ವೇಷ ತಲೆಯಿಂದ ಮೊಣಕಾಲಿನ ತನಕ ಬರುತ್ತದೆ. ನಾಲ್ಕು ಮೂಲೆಗೂ ಕುಚ್ಚು. ಮೂಗು ತುರಿಸಿದರೆ ತುರಿಸಿಕೊಳ್ಳುವ ವ್ಯವಸ್ಥೆ ಇಲ್ಲ. ಒಂದು ನಾಯಿ ಬಂದು ನನ್ನ ಪಕ್ಕದಲ್ಲೇ ಮಲಗಿತು. ಭಾವಮೈದ, "ನೋಡಿ ಭಾವ, ಜಾಹೀರಾತು ಅಂದ್ರೆ ಇದು" ಎಂದ.

ಮಧ್ಯಾಹ್ನ ಮೀಸೆ ಬಂದರು. ನನ್ನ ಗುರುತು ಸಿಗಲಿಲ್ಲ. ಕೈ ಬೀಸಿದೆ. ನನ್ನ ನೆರಳಿನಲ್ಲಿ ನಿಂತು ಭಾವಮೈದನ ಹತ್ತಿರ ಅಳಲು ತೋಡಿಕೊಂಡರು.

"ಒಂದು ದೊಡ್ಡ ದಿಂಬು ಕೊಡಪ್ಪ. ಇನ್ನು ನನ್ನ ಗತಿ ಸೋಫಾ. ನಮ್ಮನೆ ಟೀಚರ್ ಮತ್ತೆ ಆ ಹಳೇ ಜಿಡ್ಡು ಮುಲಾಮು ತಂದ್ಕೊಂಡಿದಾಳೆ. ಹಚ್ಕೊಂಡ್ಲು ಅಂದ್ರೆ ಮಹಾರಾಣಿ. ಚಹಾ ಮಾಡೇ ಅಂದ್ರೆ 'ಎದ್ರೆ ಜಾರ್ತೀನಿ' ಅಂತಾಳೆ. ಬಾಗಿಲು ಬಡೀತಿದಾರೆ ನೋಡೇ ಅಂದ್ರೆ 'ಎದ್ರೆ ಜಾರ್ತೀನಿ.' ಮಧ್ಯ ಒಂದು ಹೊಸಾ ಮುಲಾಮು ಬಂದಿತ್ತು ನೋಡು, ಆಹಾ! ಹಚ್ಚಿದ ಎರಡು ನಿಮಿಷಕ್ಕೆ ಎದ್ದು ಪಾತ್ರೆ ತೊಳೀತಿದ್ಲು. ಎಷ್ಟು ಚೆನ್ನಾಗಿತ್ತು ಆ ದಿನ!"

ಕೈ ಬೀಸುವುದನ್ನು ನಿಲ್ಲಿಸಿದೆ.

"ಎಡಗಾಲೂ ಕೂತಿತ್ತು!" ಎಂದೆ.

ಮೀಸೆ ಸುತ್ತ ನೋಡಿದರು. ನಾಯಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಬಲಗಾಲಿಗೆ ಹಚ್ಚಿ ಕೂತ್ರೆ ಎಡಗಾಲು ಒಂದೇ ಎದ್ದು ಓಡಾಡುತ್ತಾ? ಅದೂ ಕೂತಿತ್ತು! ಗುಣ ಮಾಡಿದ್ದು ಮುಲಾಮಲ್ಲ ಸ್ವಾಮಿ, ಕೂತದ್ದು! ಕೂರಿಸಿದ್ದು ಜಿಡ್ಡು!"

"ಅಯ್ಯೋ, ದಿಂಬು ಮಾತಾಡುತ್ತೆ!" ಎಂದು ಮೀಸೆ ಎರಡು ಹೆಜ್ಜೆ ಹಿಂದೆ ಹೋಗಿ ಹಾಸಿಗೆಗಳ ರಾಶಿಯ ಮೇಲೆ ಬಿದ್ದರು. ಪೆಟ್ಟಾಗಲಿಲ್ಲ.

ನಾನು ಮನೆಗೆ ಓಡಿದೆ. ವೇಷ ಬಿಚ್ಚಲು ಇಬ್ಬರು ಬೇಕು, ಅಷ್ಟು ತಾಳ್ಮೆ ಇರಲಿಲ್ಲ. ನಾಯಿಯೂ ಓಡಿ ಬಂತು. ಬಾಗಿಲಲ್ಲಿ ಸಿಕ್ಕಿಕೊಂಡೆ. ಅಲ್ಲಿಂದಲೇ ಅತ್ತೆಗೆ ಎಲ್ಲವನ್ನೂ ಹೇಳಿದೆ. ಗುಣ ಕೂರುವುದರಲ್ಲಿದೆ, ಆದರೆ ಬರಿದೇ ಕೂತರೆ ಮನೆಯವರು ಬಿಡುವುದಿಲ್ಲ, ಎದ್ದೇ ಏಳುತ್ತಾರೆ, ಏಳಲಾಗದಂತೆ ಮಾಡುವುದೇ ಮುಲಾಮಿನ ಕೆಲಸ, ನಾನು ಸುಧಾರಣೆ ಎಂದು ತೆಗೆದುಹಾಕಿದ್ದೇ ಅದನ್ನು.

ಅತ್ತೆ ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು.

"ನಾನು ಹೇಳಿದ್ದೂ ಅದೇ."

ಅವರು ಹೇಳಿರಲಿಲ್ಲ. ಆದರೆ ಕುರ್ಚಿ ತಿರುಗಿತಲ್ಲ, ಅಷ್ಟು ಸಾಕು.

ಏಪ್ರಿಲ್ ೩೦, ಬುಧವಾರ

ಹೊಸ ಚೀಟಿ ಅಚ್ಚಾಗಿದೆ. ಹಳೆಯ ಜಿಡ್ಡಿನ ಮುಲಾಮು ತುಂಬಿಸಿ ಔಷಧಿ ಅಂಗಡಿಗೆ ಒಯ್ದೆ. ಅಂಗಡಿಯವರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು:

"'ಈ ಮುಲಾಮು ತಾನಾಗಿ ಏನನ್ನೂ ಗುಣಪಡಿಸುವುದಿಲ್ಲ. ಕೂರುವುದರಿಂದ ಗುಣವಾಗುತ್ತದೆ. ಹಚ್ಚಿಕೊಂಡ ಮೇಲೆ ಒಂದು ಗಂಟೆ ಕಾಲು ಮೇಲಿಟ್ಟು ಕೂರಬೇಕು. ಎದ್ದರೆ ಜಾರುತ್ತದೆ. ಮನೆಯ ಉಳಿದವರು ಸಹಕರಿಸಬೇಕು.' ಇದೇನ್ರೀ ಇದು? ಮುಲಾಮಿನ ಮೇಲೇ ಮುಲಾಮು ಕೆಲಸಕ್ಕೆ ಬರಲ್ಲ ಅಂತ ಬರೆದಿದೀರಾ?"

"ಪರೀಕ್ಷೆಯಲ್ಲಿ ಬಂದದ್ದನ್ನ ಬರೆದಿದೀನಿ."

"ಯಾರು ಕೊಂಡ್ಕೊತಾರೆ ಇದನ್ನ?"

ಬಿಲ್ಲಿನ ಜಾಗದಿಂದ ಅವರ ಹೆಂಡತಿ ಕೈ ಚಾಚಿ ಡಬ್ಬಿ ತೆಗೆದುಕೊಂಡರು. ಚೀಟಿಯನ್ನು ಒಂದು ಸಲ ಓದಿದರು. ಕೊನೆಯ ಸಾಲನ್ನು ಇನ್ನೊಂದು ಸಲ ಓದಿದರು. ಗಂಡನ ಕುರ್ಚಿ ಎಳೆದುಕೊಂಡು ಕೂತು, ಚಪ್ಪಲಿ ಬಿಟ್ಟು, ಎರಡು ಕಾಲಿಗೂ ಹಚ್ಚಿಕೊಂಡು, ಔಷಧಿಯ ಪೆಟ್ಟಿಗೆಯೊಂದರ ಮೇಲೆ ಕಾಲಿಟ್ಟರು.

"ಏ, ಗಿರಾಕಿ ಬಂದಿದಾರೆ" ಎಂದರು ಅಂಗಡಿಯವರು.

"ಸಹಕರಿಸಿ" ಎಂದರು ಆಕೆ.

ಮಾಲು ಇಳಿಸಿಕೊಂಡರು.

ಮೇ ೬, ಮಂಗಳವಾರ

ಸಮಯವಿಲ್ಲ. ಪಾತ್ರೆಗಟ್ಟಲೆ ಮುಲಾಮು ಕಾಯಿಸುತ್ತಿದ್ದೇನೆ. ಬಟ್ಟೆ ಅಂಗಡಿ, ಶಾಲೆ, ಟಿಕೆಟ್ ಕೌಂಟರು, ಎಲ್ಲ ಕಡೆಯಿಂದ ಬೇಡಿಕೆ. ವಾಪಸು ಒಂದೂ ಇಲ್ಲ. ಅತ್ತೆ ಕುರ್ಚಿಯ ಬೆನ್ನಿಗೆ ಹೊಸ ಮೆತ್ತೆ ಹಾಕಿಸಿಕೊಂಡಿದ್ದಾರೆ. ಈಗ ತಾವು ಸಂಸ್ಥಾಪಕರ ಮಗಳಂತೆ.

ಯಾರೋ ಉಪ್ಪಿನ ಡಬ್ಬಿಯ ಜಾಗ ಬದಲಿಸಿದ್ದಾರೆ. ಈ ಮನೆಯಲ್ಲಿ ಒಂದು ವಸ್ತು ಇಟ್ಟ ಕಡೆ ಇರುವುದಿಲ್ಲ. ಅಡುಗೆಮನೆಗೆ ನಾನಿಲ್ಲದಾಗ ಯಾರೂ ಕೈ ಹಾಕಬೇಡಿ ಎಂದು ಹೇಳಿದ್ದೇನೆ.

ಮೇ ೧೧, ಭಾನುವಾರ

ಗಂಡಸರ ನಿಯೋಗ ಬಂದಿತ್ತು. ಮುಂದಾಳು ಮೀಸೆ. ಜಗಲಿಯಲ್ಲಿ ಸಾಲಾಗಿ ನಿಂತರು.

"ಸ್ವಾಮಿ, ಆ ಕೊನೇ ಸಾಲು ತೆಗೀರಿ. ಮನೆಯಲ್ಲಿ ದಿನಾ ಸಂಜೆ ಅದನ್ನೇ ಓದಿ ಹೇಳ್ತಾರೆ. ನಾವು ಏನು ತಿನ್ನೋದು?"

"ನೀವೇ ಮಾಡ್ಕೊಳ್ಳಿ" ಎಂದೆ.

"ನಮಗೆ ಬರಲ್ಲ."

ಬರದೇ ಇರುವುದಕ್ಕೆ ಅದರಲ್ಲಿ ಏನಿದೆಯೋ ನನಗೆ ಅರ್ಥವಾಗುವುದಿಲ್ಲ. ಈರುಳ್ಳಿ ಕಂದದಂತೆ ಉರಿ ಸಣ್ಣಗಿಡಬೇಕು, ಉಪ್ಪು ಕೊನೆಯಲ್ಲಿ ಹಾಕಬೇಕು, ಸೋಪಿನ ನೀರಿನಲ್ಲಿ ಪಾತ್ರೆಯನ್ನು ಮೊದಲೇ ನೆನೆಹಾಕಿದರೆ ಕೈ ನೋಯುವುದಿಲ್ಲ ಎಂದು ಹೇಳಿದೆ. ಹಾಲಿಟ್ಟರೆ ಆ ಕಡೆ ಈ ಕಡೆ ನೋಡಬಾರದು ಎಂದೂ ಹೇಳಿದೆ. ಒಬ್ಬ ಬರೆದುಕೊಂಡ. ಮೀಸೆ ಮಾತ್ರ, "ನಿಮ್ಮ ದನಿ ಎಲ್ಲೋ ಕೇಳಿದ ಹಾಗಿದೆ" ಎಂದು ನನ್ನನ್ನೇ ನೋಡುತ್ತಿದ್ದರು.

ಮೇ ೧೮, ಭಾನುವಾರ

ಇದನ್ನು ಕೂತು ಬರೆಯುತ್ತಿದ್ದೇನೆ. ಕಾಲು ಸ್ಟೂಲಿನ ಮೇಲಿದೆ.

ಬೆಳಗ್ಗೆ ಬಟ್ಟೆ ಹರವಿ ಬರುವಾಗ ಕುಂಟಿದೆನಂತೆ. ಅತ್ತೆ ಕರೆದು ಕಾಲು ತೋರಿಸಿ ಎಂದರು. ನೋಡಿದರು. ಮಗಳನ್ನು ಕರೆದು ತೋರಿಸಿದರು. ಹೆಂಡತಿ ಒಳಗೆ ಹೋಗಿ ಒಂದು ಬಸ್ ಟಿಕೆಟು ತಂದು ನನ್ನ ಹಿಮ್ಮಡಿಯಲ್ಲಿ ನಿಲ್ಲಿಸಿದಳು. ನಿಂತಿತು.

ಕಾರ್ಖಾನೆಯಲ್ಲಿ ಅಷ್ಟು ವರ್ಷ ಇದ್ದಾಗ ಒಂದು ಬಿರುಕೂ ಇರಲಿಲ್ಲ. ಎಲ್ಲಿಂದ ಬಂತೋ ತಿಳಿಯದು. ನೀರಿನ ದೋಷ ಇರಬೇಕು.

"ನೀರಿನ ದೋಷವೇ ಅಳಿಯಂದ್ರೇ. ಆ ನೀರಲ್ಲಿ ನಮ್ಮ ಕಾಲೂ ಒಡೆದಿತ್ತು" ಎಂದರು ಅತ್ತೆ.

ಹೆಂಡತಿ ನನ್ನನ್ನು ಕೂರಿಸಿ, ತಾನೇ ನೆಲದ ಮೇಲೆ ಕೂತು ಎರಡು ಕಾಲಿಗೂ ಮುಲಾಮು ಹಚ್ಚಿದಳು. ನಿಧಾನವಾಗಿ ಹಚ್ಚಿದಳು. ಸಾಕು, ಒಲೆ ಮೇಲೆ ಹಾಲಿದೆ ಎಂದೆ. "ಸುಮ್ನೆ ಕೂತ್ಕೊಳ್ರೀ, ನಾನು ನೋಡ್ಕೊತೀನಿ" ಎಂದಳು. ಹೇಗೂ ಡಬ್ಬಿ ತೆರೆದಿತ್ತು, ಅಭ್ಯಾಸಬಲದಿಂದ ತನ್ನ ಕಾಲಿಗೂ ಹಚ್ಚಿಕೊಂಡುಬಿಟ್ಟಳು. ಅತ್ತೆ, "ನಂಗೂ ಸ್ವಲ್ಪ" ಎಂದು ಕಾಲು ಚಾಚಿದರು. ಅವರಿಗೂ ಹಚ್ಚಿದಳು.

ಈಗ ಮೂವರೂ ಕೂತಿದ್ದೇವೆ. ಅಡುಗೆಮನೆಯಿಂದ ಹಾಲು ಕಾಯುವ ಸದ್ದು ಬರುತ್ತಿದೆ. ನಾನು ಹೆಂಡತಿಯನ್ನು ನೋಡಿದೆ. ಹೆಂಡತಿ ಅತ್ತೆಯನ್ನು ನೋಡಿದಳು. ಅತ್ತೆ ಡಬ್ಬಿಯ ಚೀಟಿಯನ್ನು ನೋಡಿದರು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಬಾಗಿಲು ತೆರೆದ ಸದ್ದು. ಭಾವಮೈದ. ಹೊಸ ಅಂಗಡಿಗೆ ದಿಂಬಾಗುವವರು ಯಾರೂ ಸಿಗದೆ ವೇಷದಲ್ಲಿ ಅವನೇ ನಿಲ್ಲುತ್ತಿದ್ದಾನೆ.

"ಅಕ್ಕಾ, ಒಂದು ಡಬ್ಬಿ ಕೊಡೇ. ನಿಂತು ನಿಂತು ಹಿಮ್ಮಡಿ ಒಡೆದು ಹೋಗಿದೆ" ಎನ್ನುತ್ತ ಕುಚ್ಚು ಅಲ್ಲಾಡಿಸಿಕೊಂಡು ಪಕ್ಕಕ್ಕೆ ತಿರುಗಿ ಒಳಗೆ ಬಂದ.

"ಡಬ್ಬಿ ಆಮೇಲೆ! ಹಾಲು! ಒಲೆ ಆರಿಸು, ಓಡು!" ಎಂದು ಮೂವರೂ ಒಟ್ಟಿಗೆ ಕೂಗಿದೆವು.

ಓಡಿದ. ಅಡುಗೆಮನೆಯ ಬಾಗಿಲು ನಡುಮನೆಯ ಬಾಗಿಲಿಗಿಂತ ಕಿರಿದು. ಅಲ್ಲಿ ಸಿಕ್ಕಿಕೊಂಡಿದ್ದಾನೆ. ನಮಗೆ ಅವನ ಬೆನ್ನಿನ ಹತ್ತಿ ಮಾತ್ರ ಕಾಣುತ್ತಿದೆ.

"ಭಾವ, ಹಾಲು ಅಂಚಿಗೆ ಬಂತು" ಎನ್ನುತ್ತಿದ್ದಾನೆ.

"ನೋಡ್ಕೋ" ಎಂದೆ.

ನೋಡಿಕೊಳ್ಳುತ್ತಿದ್ದಾನೆ.